ಗಾಡಿಯ ಮೂಗು

"ಲೇ ಮುರುಗ, ಟೋಯಿಂಗ್ ಗಾಡಿ ಬೆನ್ನಿಗೆ ಹಾಲಿನ ಕ್ಯಾನ್ ಯಾಕೋ ಕಟ್ಟಿದೀಯ?"

ಆರ್‌ಪಿಸಿ ಲೇಔಟಿನ ಶೆಡ್ಡಿನಲ್ಲಿ ಸ್ಪ್ಯಾನರ್ ತಿರುಗಿಸುತ್ತಿದ್ದ ಮುರುಗೇಶ್ ತಲೆ ಎತ್ತಲಿಲ್ಲ. "ಕ್ಯಾನ್ ಅಲ್ಲ ಅಣ್ಣ, ಏರ್ ಫಿಲ್ಟರು. ಹತ್ತು ಚಕ್ರದ ಲಾರೀದು. ಹಳೇದು ಟಿಫಿನ್ ಡಬ್ಬಿಯಷ್ಟಿತ್ತು. ಗಾಡಿಗೆ ಉಸಿರೇ ಸಾಲ್ತಿರಲಿಲ್ಲ."

ಮಾಲೀಕ ಸೋಮಲಿಂಗಪ್ಪ ಗಹಗಹಿಸಿ ನಕ್ಕ. ಏರು ಕಂಡರೆ ಸಾಕು, ಕಪ್ಪು ಹೊಗೆ ಕಾರಿ ಕೂತುಬಿಡುತ್ತಿದ್ದ ಡೀಸೆಲ್ ಗಾಡಿ ಅದು. ಇಂಜಿನ್ ಮುಗಿಯಿತು ಎಂದು ಡಿಪ್ಲೊಮಾ ಓದಿದ ಮೆಕ್ಯಾನಿಕ್ ಕೈಚೆಲ್ಲಿದ್ದ. ಸಂಜೆ ನಾಲ್ಕಕ್ಕೆ ಗುಜರಿಯವನು ಬರುವವನಿದ್ದ. ಗಾಡಿ ಹೋದರೆ ಐದು ವರ್ಷದಿಂದ ಅದರ ಸ್ಟೀರಿಂಗ್ ಹಿಡಿದಿದ್ದ ಮುರುಗೇಶನ ಕೆಲಸವೂ ಹೋದಂತೆಯೇ.

"ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು ಇಂಜಿನ್ ಡಾಕ್ಟರ್ ಆಗ್ಬಿಟ್ಟ, ನೋಡು!"

ಮುರುಗೇಶನಿಗೆ ರೇಗಿತು. "ನಿಮ್ಮ ಓದಿರೋ ಡಾಕ್ಟ್ರು ಪೇಷಂಟ್ ಎದೆಗೆ ಕಿವಿನೇ ಇಡ್ಲಿಲ್ಲ ಅಣ್ಣ. ಕ್ಯಾಬಿನ್ ಎತ್ತಿಯೂ ನೋಡ್ದೆ ತಿಥಿಗೆ ದಿನ ಇಟ್ಬಿಟ್ಟ. ಇವತ್ತು ಒಂದು ಲೋಡು ಎಳೀಲಿ. ಎಳೀಲಿಲ್ಲ ಅಂದ್ರೆ ಗುಜರಿಗೆ ನಾನೇ ಓಡಿಸ್ಕೊಂಡ್ ಹೋಗಿ ಬಿಟ್ಟು ಬರ್ತೀನಿ."

ಅಂದು ಸೋಮವಾರ. ಮಾಲೀಕನ ತಾಯಿ ಬಸವರಾಜೇಶ್ವರಿ ಎಂದಿನಂತೆ ವಿಭೂತಿ, ಸೇವಂತಿಗೆ ಹಾರ ಹಿಡಿದು ಬಂದರು. ಕ್ಯಾಬಿನ್ನಿನ ಹಿಂದೆ ನೆಟ್ಟಗೆ ನಿಂತಿದ್ದ, ಗಾಳಿ ಎಳೆಯುವ ಕೊಳವೆಗೆ ಮೂರು ಗೆರೆ ಬಳಿದು, "ಇದೇ ಅಲ್ವೇನಪ್ಪ ಗಾಡಿ ಮೂಗು? ಇದನ್ನೂ ಬದಲಾಯಿಸಿದ್ಯಾ?" ಎಂದು ಕೇಳಿದರು.

"ಇಲ್ಲ ಅಮ್ಮ, ಮೂಗು ಹಳೇದೇ. ಕೆಳಗಿನ ಡಬ್ಬ ಮಾತ್ರ ಹೊಸದು." ಅವರ ಕೈಗೆ ಕೊಳವೆಯ ತುದಿ ಎಟುಕುತ್ತಿರಲಿಲ್ಲ. ಎಂದಿನಂತೆ ಮುರುಗೇಶನೇ ಹಾರ ಇಸಕೊಂಡು, ಕೊಳವೆಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದ.

ಹತ್ತು ಗಂಟೆಗೆ ಫೋನ್ ಬಂತು. ನಾಯಂಡಹಳ್ಳಿ ಮೇಲ್ಸೇತುವೆಯ ಬುಡದಲ್ಲಿ ಟೆಂಪೋ ಟ್ರಾವೆಲರ್ ಒಂದು ಕೆಟ್ಟು ನಿಂತಿತ್ತು. ಸೋಮಲಿಂಗಪ್ಪ, "ನಾನೂ ಬರ್ತೀನಿ, ನಿನ್ನ ಕ್ಯಾನಿನ ಮಹಿಮೆ ನೋಡೋಣ," ಎಂದು ಪಕ್ಕದ ಸೀಟಿಗೆ ಹತ್ತಿದ. ಟೆಂಪೋ ಕೊಕ್ಕೆಗೆ ಬಿತ್ತು. ಗಾಡಿ ಸೇತುವೆಯ ಏರಿಗೆ ಹಗ್ಗ ಬಿಚ್ಚಿದ ಹೋರಿಯ ಹಾಗೆ ನುಗ್ಗಿತು. ಮುರುಗೇಶ್ ಸೀಟಿ ಹೊಡೆಯಲು ತುಟಿ ಮಡಚಿದ್ದನಷ್ಟೆ, ಅರ್ಧ ಏರಿನಲ್ಲಿ ಗಾಡಿ ಗೊರ್ರೆಂದು ಕೆಮ್ಮಿತು. ಕನ್ನಡಿಯ ತುಂಬ ಅದೇ ಹಳೆಯ ಕಪ್ಪು ಹೊಗೆ. ಇಂಜಿನ್ ಆರಲಿಲ್ಲ, ಗಾಡಿ ಮಾತ್ರ ನಿಂತಿತು.

"ಆಯ್ತಾ?" ಸೋಮಲಿಂಗಪ್ಪ ಫೋನ್ ಕೈಗೆತ್ತಿಕೊಂಡ. "ನಾಲ್ಕು ಗಂಟೆ ಯಾಕೆ, ಗುಜರಿಯೋನಿಗೆ ಈಗಲೇ ಬಾ ಅಂತೀನಿ."

"ಅನ್ನಿ ಅಣ್ಣ, ಬೇಡ ಅನ್ನಲ್ಲ. ಅದಕ್ಕೆ ಮುಂಚೆ ಈ ಕಡೆ ಬಂದು ಎಕ್ಸಿಲರೇಟರ್ ಒಂದ್ಸಲ ಒತ್ತಿ." ಹ್ಯಾಂಡ್‌ಬ್ರೇಕ್ ಎಳೆದು ಮುರುಗೇಶ್ ಕೆಳಗೆ ಜಿಗಿದ. ಚಕ್ರದ ಹಿಂದೆ ಕಲ್ಲಿಟ್ಟ. ಹಿಂದಿನ ಗಾಡಿಗಳವರು ಹಾರ್ನ್ ಹೊಡೆದು ಕಿವಿ ಕಿತ್ತುಹೋಗುವಂತೆ ಮಾಡುತ್ತಿದ್ದರು. "ಎರಡು ನಿಮಿಷ ತಡ್ಕೊಳ್ರೋ, ಸ್ವರ್ಗಕ್ಕೇನೂ ಬಾಗಿಲು ಹಾಕಲ್ಲ!" ಎಂದು ಅವರ ಮೇಲೆ ಹರಿಹಾಯ್ದು, ಕಿವಿಯನ್ನು ಇಂಜಿನ್ನಿನತ್ತ ಕೊಟ್ಟ. ಸುಮ್ಮನೆ ನಿಂತಾಗ ಸದ್ದು ಸರಿಯಾಗಿಯೇ ಇತ್ತು. ಒತ್ತಿದರೆ ಮಾತ್ರ ಗಂಟಲು ಕಟ್ಟುತ್ತಿತ್ತು. ಸೋಮಲಿಂಗಪ್ಪ ಮತ್ತೆ ಒತ್ತಿದ. ಮುರುಗೇಶ್ ಕತ್ತೆತ್ತಿದ.

ಗಂಟು ಜಾರಿದ್ದ ಹಾರ ಕೊಳವೆಯ ಬಾಯಿಯ ಜಾಲರಿಗೆ ಚಪ್ಪಟೆಯಾಗಿ ಮೆತ್ತಿಕೊಂಡಿತ್ತು, ಮುಖಕ್ಕೆ ಒತ್ತಿದ ದಿಂಬಿನ ಹಾಗೆ.

ಅವನು ಗಾಡಿಯ ಮೇಲೆ ಹತ್ತಿ ಹಾರವನ್ನು ಕಿತ್ತು ತಂದ. ಸೋಮಲಿಂಗಪ್ಪನೂ ಇಳಿದು ಬಂದಿದ್ದ. ಹಾರ ನೋಡಿದ್ದೇ ತಡ, ಅವನ ದನಿ ಏರಿತು. "ಐದು ವರ್ಷದಿಂದ ಅವ್ವ ಪ್ರತಿ ಸೋಮವಾರ ಇಲ್ಲೇ ಹಾರ ಹಾಕಿಸ್ತಾ ಬಂದಿದಾಳೆ. ಒಂದು ದಿನ, ಒಂದೇ ಒಂದು ದಿನ ಹೀಗಾಗಿತ್ತೇನೋ? ನಿನ್ನ ಫಿಲ್ಟರ್ ಹಾಕಿದ ದಿನಾನೇ ಆಗ್ಬೇಕಾ?"

ಮುರುಗೇಶನ ಸಿಟ್ಟೆಲ್ಲ ಇಳಿದುಹೋಯಿತು. ಅವನು ನಕ್ಕ.

"ಗಂಟು ಹಾಕಿದ್ದು ನಾನೇ, ಆ ತಪ್ಪು ನಂದು. ಆದ್ರೆ ನಾನೂ ಅದನ್ನೇ ಅಲ್ವಾ ಅಣ್ಣ ಹೇಳ್ತಿರೋದು? ಐದು ವರ್ಷ ಮೂಗಿನ ಮೇಲೇ ಹೂವಿತ್ತು. ಒಂದು ಎಸಳಾದ್ರೂ ಅಲ್ಲಾಡಿತ್ತಾ? ಗಾಡಿ ಉಸಿರೆಳೆದಿದ್ರೆ ತಾನೇ!"

ಸೋಮಲಿಂಗಪ್ಪ ಕೊಳವೆಯತ್ತ ನೋಡಿದ. ಹಾರದಿಂದ ಒಂದು ಸೇವಂತಿಗೆ ಕಿತ್ತುಕೊಂಡು ಗಾಡಿಯ ಅಡ್ಡಪಟ್ಟಿಯ ಮೇಲೆ ಕಾಲಿಟ್ಟು ಹತ್ತಿದ. "ಒತ್ತೋ," ಎಂದ. ಮುರುಗೇಶ್ ಒಳಗೆ ಕೂತು ಒತ್ತಿದ. ಸೋಮಲಿಂಗಪ್ಪ ಚಾಚಿದ ಹೂವು ಜಾಲರಿಯಿಂದ ಇನ್ನೂ ಒಂದು ಗೇಣು ದೂರದಲ್ಲಿತ್ತು. ಯಾರೋ ಕಸಿದುಕೊಂಡಂತೆ ಅದು ಅವನ ಬೆರಳ ಸಂದಿಯಿಂದ ಹಾರಿ ಜಾಲರಿಗೆ ಹೋಗಿ ಅಂಟಿತು. ಅದನ್ನು ಕಿತ್ತೆಸೆದು ಕೆಳಗಿಳಿದ ಸೋಮಲಿಂಗಪ್ಪ ಖಾಲಿ ಬೆರಳುಗಳನ್ನು ಉಜ್ಜಿಕೊಳ್ಳುತ್ತ ಬಂದು ಪಕ್ಕದ ಸೀಟಿನಲ್ಲಿ ಕೂತ. ಮುರುಗೇಶ್ ನಜ್ಜುಗುಜ್ಜಾದ ಹಾರವನ್ನು ಅವನ ತೊಡೆಯ ಮೇಲಿಟ್ಟು ಗೇರ್ ಹಾಕಿದ.

ಸೇತುವೆಯ ನೆತ್ತಿ ಬಂತು. ಕನ್ನಡಿಯಲ್ಲಿ ಟೆಂಪೋ ಸ್ಪಷ್ಟವಾಗಿ ಕಾಣುತ್ತಿತ್ತು, ನಡುವೆ ಒಂದು ಎಳೆ ಹೊಗೆಯೂ ಇರಲಿಲ್ಲ. ಅಷ್ಟರಲ್ಲಿ ಗುಜರಿಯವನ ಫೋನ್ ಬಂತು. ಸೋಮಲಿಂಗಪ್ಪ ಹೆಸರು ನೋಡಿದ. ಮೊಬೈಲನ್ನು ತೊಡೆಯ ಮೇಲೆ ಬೋರಲು ಹಾಕಿದ. ಅದರ ಮೇಲೆ ಹಾರವನ್ನು ಎಳೆದು ಮುಚ್ಚಿದ.

ಹೂವಿನಡಿ ಅದು ಉಸಿರುಗಟ್ಟಿ ಹೊಡೆದುಕೊಂಡಿತು, ಆಮೇಲೆ ಸುಮ್ಮನಾಯಿತು.