ಮೇಲಿನ ಅಂಕಿ, ಕೆಳಗಿನ ಅಂಕಿ

ಉಪಗ್ರಹ ಅಳೆದ ಓಝೋನ್ ಸರಿಯೇ ಎಂದು ತಾಳೆ ನೋಡಲು ವಿಜ್ಞಾನಿ ಮೃಣಾಲಿನಿ ನಂಬಿದ್ದು ಗುಡ್ಡದ ಮೇಲಿನ ರುದ್ರಮುನಿಯವರನ್ನು. ದಿನವೂ ಬಿಸಿಲಿಗೆ ಯಂತ್ರ ಹಿಡಿದು ನೆಲದಿಂದಲೇ ಓಝೋನ್ ಅಳೆಯುವುದು ಅವರ ಕೆಲಸ. ಎರಡು ತಿಂಗಳಿಂದ ಎರಡೂ ಅಂಕಿಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆ ಖುಷಿಗೆ ಅವಳು ಮೈಸೂರುಪಾಕು ಕಟ್ಟಿಸಿಕೊಂಡು ಗುಡ್ಡ ಹತ್ತಿದಳು.

"ನೀವು ಇದ್ದಮೇಲೆ ಉಪಗ್ರಹ ಹಾರಿಸಿದ್ದೇ ದಂಡ ಅಂತ ನಾಳೆ ಸಭೆಯಲ್ಲಿ ಹೇಳಿಬಿಡ್ತೀನಿ," ಎಂದು ಛೇಡಿಸಿದಳು.

"ಏನೋ ನಿಮ್ಮ ದಯೆ, ಮೇಡಂ." ರುದ್ರಮುನಿ ನಾಚುತ್ತ ಒಂದು ತುಂಡು ಬಾಯಿಗಿಟ್ಟರು.

ಕಿಟಕಿಯಾಚೆ ಮೋಡ ಕಪ್ಪಗೆ ಕವಿದಿತ್ತು. "ಇವತ್ತು ಬಿಸಿಲು ಬರೋ ಹಾಗಿಲ್ವಲ್ಲ?" ಎಂದಳು.

"ಎರಡು ತಿಂಗಳಾಯ್ತು, ಇಲ್ಲಿ ಸೂರ್ಯನ ಮುಖ ನೋಡಿ."

ಅವಳ ಕೈಯಲ್ಲಿದ್ದ ತುಂಡು ಅಲ್ಲೇ ನಿಂತಿತು. "ಮತ್ತೆ ನೀವು ಅಳೆದದ್ದು ಹೇಗೆ?"

"ದಿನಾ ಬೆಳಿಗ್ಗೆ ಉಪಗ್ರಹದ ಅಂಕಿ ನೀವೇ ಕಳಿಸ್ತಿದ್ರಲ್ಲ ಮೇಡಂ. ಅದರ ಮೇಲೂ ನಾನು ಅನುಮಾನ ಪಡೋದಾ?"