ಲೆಕ್ಕ ಮುಗಿದರೆ ಸೀಟು

ಪಿಎಚ್‌ಡಿಗೆ ಸೇರಿಸಿಕೊಳ್ಳಿ ಎಂದು ಕೇಳಲು ಮಹಾನಂದಾ ಈ ಸಲವೂ ಧಾರವಾಡದ ಪ್ರಯೋಗಾಲಯಕ್ಕೆ ಬಂದಿದ್ದಳು. ಅಲ್ಲಿನ ಮುಖ್ಯಸ್ಥ ಇಟಗಿ ಸರ್ ಈ ಸಲವೂ ಅದೇ ಮಾತು ಹೇಳಿದರು: "ಕಂಪ್ಯೂಟರ್ ಒಂದೂ ಖಾಲಿ ಇಲ್ಲ ತಂಗಿ. ಎಲ್ಲಾದರಾಗೂ ಜೀವ ಅದ."

ಅದೇನು ಹೊಸದಲ್ಲ. ಭೂಮಿಯ ಮೇಲೆ ಮೊದಲ ಜೀವ ಹುಟ್ಟಿದ ಆದಿಕಾಲದ ಕೆಸರುಕೊಳವನ್ನು ಕಂಪ್ಯೂಟರಿನೊಳಗೆ ಒಂದೊಂದು ಎಲೆಕ್ಟ್ರಾನೂ ತಪ್ಪದಂತೆ ಲೆಕ್ಕ ಹಾಕಿದರೆ ಲೆಕ್ಕಕ್ಕೇ ಜೀವ ಬಂದುಬಿಡುತ್ತಿತ್ತು. ಜೀವ ಬಂದ ಲೆಕ್ಕವನ್ನು ನಡುವೆ ನಿಲ್ಲಿಸುವಂತಿಲ್ಲ, ತಾನಾಗಿ ಸಾಯುವವರೆಗೆ ಕಾಯಬೇಕು; ಅದು ಕಾನೂನು. ಸತ್ತಿತು ಎನ್ನಲು ಬಾಯಿ ಬಾರದೆ ಅಲ್ಲಿನವರು 'ಲೆಕ್ಕ ಮುಗಿಯಿತು' ಎನ್ನುತ್ತಿದ್ದರು.

"ಕಿಡಕಿ ಬಾಜೂ ಕಂಪ್ಯೂಟರಿನ ಲೆಕ್ಕ ಇವತ್ತು ಮುಗೀತದ. ಕುಂತು ನೋಡು, ಕೈ ಹಚ್ಚಬ್ಯಾಡ. ಮುಗಿದ ಕೂಡಲೇ ಸೀಟು ನಿಂದ," ಎಂದು ಸರ್ ಚಹಾಕ್ಕೆ ಹೋದರು.

ಪರದೆಯ ಮೇಲೆ ಕೊಳ ತಣ್ಣಗಾಗುತ್ತಿತ್ತು. ಅದರೊಳಗೆ ಜೀವವಿದ್ದ ಸಣ್ಣ ಚುಕ್ಕೆ ಮುದುಡಿತು, ಬಿಚ್ಚಿತು, ಮತ್ತೆ ಮುದುಡಿತು. ಬೇಗ ಮುಗಿಯಲಿ ಎಂದು ವರ್ಷಗಟ್ಟಲೆ ಹರಕೆ ಹೊತ್ತವಳು ಅವಳೇ. ಆದರೆ ಬೆರಳು ಅವಳ ಮಾತು ಕೇಳಲಿಲ್ಲ. ಕೀಲಿ ಒತ್ತಿ ಕೊಳಕ್ಕೆ ತುಸು ಬಿಸಿಲು ಕೊಟ್ಟಿತು. ಚುಕ್ಕೆ ಮೆಲ್ಲಗೆ ಬಿಚ್ಚಿಕೊಂಡಿತು.

ಬಾಗಿಲಲ್ಲಿ ನಿಂತು ಸರ್ ಕೇಳಿದರು: "ಮುಗೀತೇನು?"

"ಇಲ್ರಿ ಸರ," ಎಂದು ಅವಳು ಚೀಲ ಹೆಗಲಿಗೇರಿಸಿದಳು. "ಮುಂದಿನ ವರ್ಷ ಬರ್ತೀನ್ರಿ."