ಮೇಲೆ ಬಂದವರ ಹೆಸರು

ಗಣಿ ಕುಸಿದ ದಿನ ಸತ್ತವರ ಹೆಸರನ್ನು ಮೈಕಿನಲ್ಲಿ ಕೂಗಬಾರದು, ಬದುಕಿ ಮೇಲೆ ಬಂದವರದನ್ನಷ್ಟೇ ಓದಬೇಕು ಎಂಬ ಪದ್ಧತಿ ತಂದವಳೇ ಗಣಿ ಕಚೇರಿಯ ಗುರುದೇವಿ. ಆಗ ಗೇಟಿನಲ್ಲಿ ನೂಕುನುಗ್ಗಲಾಗುವುದಿಲ್ಲ. ದನಿ ನಡುಗಬಾರದೆಂದು ಅವಳು ಪಟ್ಟಿಯನ್ನು ಮೊದಲೇ ನೋಡಿಕೊಳ್ಳುತ್ತಲೂ ಇರಲಿಲ್ಲ. ಅಂದು ಮತ್ತೆ ಗಣಿ ಕುಸಿದಿತ್ತು.

“ಇವತ್ತು ನೀವು ಬ್ಯಾಡ್ರೀ, ಬೇರೆಯವರು ಓದ್ಲಿ,” ಎಂದರು ಮ್ಯಾನೇಜರು.

“ಅವ್ರಿಗೆ ನನ್ನ ದನಿನೇ ರೂಢಿ ಐತ್ರಿ ಸರ.”

ಅವಳು ಓದತೊಡಗಿದಳು. ಹುಸೇನಸಾಬ. ಅಮರೇಶ. ಯಂಕೋಬ.

ಗೇಟಿನ ಸರಳು ಹಿಡಿದಿದ್ದ ಮುದುಕಿಯೊಬ್ಬಳು ಕಿರುಚಿದಳು: “ಎಷ್ಟು ತಣ್ಣಗ ಓದ್ತಿಯವ್ವಾ! ನಮ್ಮ ಸಂಕಟ ನಿನಗೇನು ಗೊತ್ತು?”

ಗುರುದೇವಿ ಮುಂದಿನ ಹೆಸರು ಓದಿದಳು. ಒಂದೊಂದು ಹೆಸರಿಗೂ ಒಂದೊಂದು ಮನೆಯವರು ಅಳುತ್ತ ನಗುತ್ತ ಆಸ್ಪತ್ರೆಯತ್ತ ಓಡಿದರು. ಗುಂಪು ಕರಗುತ್ತಾ ಬಂತು.

“ಮುಂದಿಂದು ಓದವ್ವಾ,” ಎಂದಳು ಮುದುಕಿ, ಈಗ ಮೆಲ್ಲಗೆ.

ಗುರುದೇವಿ ಹಾಳೆ ತಿರುವಿದಳು. ಹಿಂಬದಿ ಖಾಲಿಯಿತ್ತು. ಮೈಕು ಆರಿಸಿದಳು. ಗೇಟು ದಾಟಿ ಬಂದು, ಉಳಿದಿದ್ದ ಒಂಬತ್ತು ಮಂದಿಯ ನಡುವೆ ಮುದುಕಿಯ ಪಕ್ಕ ನಿಂತಳು.

“ನೀ ಯಾಕ ಇಲ್ಲಿ ಬಂದಿ?”

“ನನ್ನ ಮಗನ ಹೆಸರೂ ಬರ್ಲಿಲ್ಲಬೇ.”